ದೊಡ್ಡ ಎಂಜಿನ್ನಿಗೆ ಸಣ್ಣ ಬ್ಯಾಟರಿ

ಹೋದ ತಿಂಗಳು ಶಹಾಪುರದ ಗುಜರಿ ಅಂಗಡಿಯೊಂದರ ಮುಂದೆ ಹಳೆಯ ಪಿಕಪ್ ಗಾಡಿಯ ಬಾನೆಟ್ಟನ್ನು ಗೋಡೆಗೆ ಒರಗಿಸಿದ್ದರು. ಬಿಸಿಲಿಗೆ ಕಾದ ತಗಡಿನಿಂದ ಸುಟ್ಟ ಆಯಿಲಿನ ವಾಸನೆ ಬರುತ್ತಿತ್ತು. ನಾನು ಅಲ್ಲೇ ನಿಂತೆ. ಸುಮಾರು ನಲವತ್ತು ವರ್ಷದ ಹಿಂದೆ ಅಂಥದೇ ಬಾನೆಟ್ಟನ್ನು ಎತ್ತಿ, ಒಳಗೆ ನೋಡಿ, ಮಾತಾಡದೆ ಮುಚ್ಚಿದ ಗಾಡಿ ರಿಪೇರಿಯ ಮಿಸ್ತ್ರಿ ನೆನಪಾದ.

ಕಾಲುವೆ ಕೆಲಸ ನಡೆದಾಗ ಅವನು ಭೀಮರಾಯನಗುಡಿ ಕ್ಯಾಂಪಿಗೆ ಹೈದರಾಬಾದ್ ಕಡೆಯಿಂದ ಬಂದಿದ್ದ. ಕೆಲಸ ಮುಗಿದ ಮೇಲೂ ಹೋಗದೆ ಶಹಾಪುರದಲ್ಲಿ ಸುರಪುರ ರಸ್ತೆಗೆ ಒಂದು ಶೆಡ್ಡು ಹಾಕಿಕೊಂಡ. ನಮ್ಮ ಹೊಲಕ್ಕೆ ಆಗಷ್ಟೇ ನೀರು ಬಂದಿತ್ತು. ಮೊದಲ ಸಲ ಭತ್ತ ಬೆಳೆದ ಉಮೇದಿನಲ್ಲಿ ನಾನು ಹರಾಜಿನಲ್ಲಿ ಹಳೆಯದೊಂದು ಪೆಟ್ರೋಲ್ ಪಿಕಪ್ ಹಿಡಿದಿದ್ದೆ. ಎಂಜಿನ್ ಸೋತಿತ್ತು. ಎತ್ತು ಹೂಡಿ ಎಳೆಸಿಕೊಂಡು ಅವನ ಶೆಡ್ಡಿಗೆ ಒಯ್ದೆ.

ಟ್ರ್ಯಾಕ್ಟರಿನ ಎಂಜಿನ್ ಕೂಡಿಸು ಅಂದೆ. “ಆಡಿನ ಮ್ಯಾಲ ಆನಿ ಕೂಡಸ್ತೀರೇನು ಸಾವ್ಕಾರ್ರ?” ಎಂದು ನಕ್ಕ. ಉಳಿದದ್ದು ಎರಡೇ ದಾರಿ. ಇದ್ದ ಪೆಟ್ರೋಲ್ ಎಂಜಿನ್ನನ್ನೇ ಬಿಚ್ಚಿ ಹೊಸ ಪಿಸ್ಟನ್ನು ಹಾಕುವುದು, ಇಲ್ಲವೇ ಜೀಪಿನ ಡೀಸೆಲ್ ಎಂಜಿನ್ ತಂದು ಕೂಡಿಸುವುದು.

“ಪೆಟ್ರೋಲ್ ಅಂದ್ರ ಅಳಿಯ ಇದ್ದಂಗ್ರಿ. ಬಾಳ ತಿಂತಾನ, ಆದ್ರ ಕರದ ಕೂಡ್ಲೆ ಎದ್ದು ಬರ್ತಾನ. ಡೀಸೆಲ್ ಅಂದ್ರ ತಮ್ಮ ಇದ್ದಂಗ. ತಿನ್ನೋದು ಕಮ್ಮಿ, ಕೆಸರಿನಾಗ ದುಡಿಯೋದು ಜಾಸ್ತಿ, ಎಬ್ಬಸೋದೇ ಕಷ್ಟ. ನಿಮ್ಮ ಊರಾಗ ಇರೋದು ಇದೊಂದೇ ಗಾಡಿ. ಕರದಾಗ ಏಳೋದು ಬೇಕ್ರಿ ನಿಮಗ.”

ನಾನು ಕೇಳಲಿಲ್ಲ. ಚೀಲ ತುಂಬಿದ ಗಾಡಿ ಎರೆ ಮಣ್ಣಿನಲ್ಲಿ ಹೂಳದೆ ಎಳೆಯಬೇಕು, ಡೀಸೆಲ್ಲೇ ಹಾಕು ಎಂದೆ. ಹಾಕಿದ. ಕೊನೆಯ ದಿನ ಬ್ಯಾಟರಿ ತೋರಿಸಿದ.

“ಇದು ಪೆಟ್ರೋಲ್ ಗಾಡೀದು. ಡೀಸೆಲ್ ಎಂಜಿನ್ ತಿರಗಸೋ ತಾಕತ್ತು ಇದಕ್ಕಿಲ್ಲ. ದೊಡ್ಡದು ಕೂಡಬೇಕಂದ್ರ ಈ ಜಾಗ ಕೊಯ್ದು ವೆಲ್ಡಿಂಗ್ ಮಾಡಬೇಕು. ಇನ್ನೆರಡು ದಿನ ಬಿಡ್ರಿ.”

“ಭತ್ತದ ರಾಶಿ ಹೊಲದಾಗ ಬಿದ್ದದ ಮಾರಾಯ. ಎರಡು ದಿನ ಯಾರು ಕಾಯ್ತಾರ?”

“ಹಂಗಾದ್ರ ಅದನ್ನ ಹಾಕ್ಸೋತನಕ ಗಾಡಿ ಕಾಲವಿ ಏರಿ ಮ್ಯಾಲ ಇಳಕಲಿಗೇ ನಿಲ್ಲಸ್ರಿ. ಉರುಳಿಸಿ ಗೇರ್ ಹಾಕಿದ್ರ ಎದ್ದೇ ಏಳ್ತದ. ಸಪಾಟ್ ಜಾಗದಾಗ ಮಾತ್ರ ಬಂದ್ ಮಾಡಬ್ಯಾಡ್ರಿ.”

ಒಂದು ವರ್ಷ ಹಾಗೆಯೇ ನಡೆಸಿದೆ. ದಿನವೂ ಏರಿ ಮೇಲೆ ನಿಲ್ಲಿಸುವುದು, ದಿನವೂ ಉರುಳಿಸುವುದು… ಎರಡು ದಿನ ಬಿಡುವು ಮಾಡಿಕೊಂಡು ಶೆಡ್ಡಿಗೆ ಹೋಗಲೇ ಇಲ್ಲ.

ಮರುವರ್ಷದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ನನ್ನ ತಂಗಿಯನ್ನು ನೋಡಲು ಸುರಪುರದಿಂದ ಬೀಗರಾಗುವವರು ಬಂದಿದ್ದರು. ಅವರ ಕಣ್ಣಿಗೆ ಬೀಳಲಿ ಎಂದು ಗಾಡಿಯನ್ನು ಮನೆ ಮುಂದೆಯೇ ನಿಲ್ಲಿಸಿದ್ದೆ. ಊಟಕ್ಕೆ ಕೂತಿದ್ದೆವು. ನಮ್ಮ ಓಣಿಯಲ್ಲಿ ಕುರಿ ಸಾಕಿಕೊಂಡಿದ್ದ, ನನಗಿಂತ ಎರಡು ವರ್ಷ ಚಿಕ್ಕವನೊಬ್ಬ ಓಡುತ್ತ ಬಂದ.

“ಅಣ್ಣಾ, ಗಾಡಿ ತಗಿ. ಆಕಿಗಿ ಬ್ಯಾನಿ ಸುರುವಾಗಿ ಬಾಳೊತ್ತಾತು. ಸೂಲಗಿತ್ತಿ ಕೈ ಬಿಟ್ಟಾಳ.”

ಅವನ ಹೆಂಡತಿಯನ್ನು ಗಾಡಿಯಲ್ಲಿ ಹಿಂದೆ ಹುಲ್ಲಿನ ಮೇಲೆ ಮಲಗಿಸಿದರು. ನಾನು ಚಾವಿ ತಿರುವಿದೆ. ಎಂಜಿನ್ ಒಮ್ಮೆ ನರಳಿ ಸುಮ್ಮನಾಯಿತು. ಹತ್ತು ಜನ ನೂಕಿದರು. ಗಾಲಿಗಳು ಎರೆ ಮಣ್ಣಿನಲ್ಲಿ ಇನ್ನೂ ಇಳಿದವು. ಕೊನೆಗೆ ಬಂಡಿ ಕಟ್ಟಿದರು. ಶಹಾಪುರದ ದವಾಖಾನೆ ಮುಟ್ಟುವ ಹೊತ್ತಿಗೆ ಕೂಸು ಉಳಿದಿರಲಿಲ್ಲ. ತಾಯಿ ಉಳಿದಳು.

ಯಾಕೆ ಹೀಗಾಯಿತು ಎಂದು ಊರವರು ಕೇಳಿದಾಗ ನನ್ನ ಬಾಯಿಂದ ಬಂದದ್ದು ಇಷ್ಟು: “ಆ ಮಿಸ್ತ್ರಿ ಎಂಜಿನ್ ನೆಟ್ಟಗ ಕೂಡಿಸಿಲ್ಲ. ಮೋಸ ಮಾಡ್ಯಾನ.”

ಮೂರನೇ ದಿನ ಮಿಸ್ತ್ರಿಯನ್ನು ಕರೆಸಿದರು. ಗಾಡಿಯ ಸುತ್ತ ಊರೇ ನೆರೆದಿತ್ತು. ಅವನು ಬಾನೆಟ್ಟು ಎತ್ತಿ ನೋಡಿದ. ಅದೇ ಸಣ್ಣ ಬ್ಯಾಟರಿ. ಗಾಡಿ ನಿಂತಿದ್ದ ಸಪಾಟು ನೆಲ ನೋಡಿದ. ನನ್ನನ್ನು ನೋಡಿದ. ಆಮೇಲೆ ನನ್ನ ಪಕ್ಕದಲ್ಲೇ ಬಡಿಗೆ ಹಿಡಿದು ನಿಂತಿದ್ದ ಕೂಸಿನ ಅಪ್ಪನನ್ನು ನೋಡಿದ. ಬಾನೆಟ್ಟು ಮುಚ್ಚಿದ.

“ಎಂಜಿನ್ ಕೂಡಿಸಿದವ ನಾನೇ. ತಪ್ಪು ನಂದೇ ಅನ್ಕೋರ್ರಿ.”

ಬಡಿಗೆ ಕೆಳಗೆ ಬಿತ್ತು. ಕೂಸಿನ ಅಪ್ಪ ಮುಂದೆ ಹೋಗಿ ಬರಿಗೈಯಿಂದ ಅವನ ಕೆನ್ನೆಗೆ ಹೊಡೆದ. ಮಿಸ್ತ್ರಿ ಕೆಸರಿಗೆ ಬಿದ್ದ ಟೊಪ್ಪಿಗೆ ಎತ್ತಿಕೊಂಡು ರಸ್ತೆ ಕಡೆ ನಡೆದ. ನಾನು ಒಂದು ಮಾತು ಆಡಿದ್ದರೆ ಸಾಕಿತ್ತು…

ಆಮೇಲೆ ಅವನ ಶೆಡ್ಡಿಗೆ ಯಾರೂ ಗಾಡಿ ಒಯ್ಯಲಿಲ್ಲ. ದೀಪಾವಳಿ ಹೊತ್ತಿಗೆ ಶೆಡ್ಡಿಗೆ ಬೀಗ ಬಿತ್ತು. ರಾಯಚೂರಿಗೆ ಹೋದ ಎಂದರು ಕೆಲವರು. ನಾನು ವಿಚಾರಿಸಲಿಲ್ಲ. ಸುರಪುರಕ್ಕೆ ಹೋಗಿ ಬೇರೊಬ್ಬನ ಕೈಯಲ್ಲಿ ದೊಡ್ಡ ಬ್ಯಾಟರಿ ಹಾಕಿಸಿದೆ. ಒಂದೇ ತಿರುವಿಗೆ ಎಂಜಿನ್ ಎದ್ದಿತು. ಅವನು ಕೂಡಿಸಿದ್ದರಲ್ಲಿ ಒಂದು ಬೋಲ್ಟಿನ ತಪ್ಪೂ ಇರಲಿಲ್ಲ.

ಹೋದ ತಿಂಗಳು ಶಹಾಪುರದಿಂದ ಮರಳಿದವನು ನೇರ ಆ ಕುರಿಯವನ ಮನೆಗೆ ಹೋದೆ. ಅವನೂ ಈಗ ಮುದುಕ. ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಬೈಯುತ್ತಾನೆ, ಹೊಡೆಯುತ್ತಾನೆ ಎಂದುಕೊಂಡಿದ್ದೆ. ಅವನು ತನ್ನ ಬಲಗೈಯನ್ನು ನೋಡಿಕೊಂಡ.

“ಕೂಸಿನ ಕೊಂದವಗ ಒಂದೇಟರ ಹೊಡದೀನಿ ಅಂತ ಇಷ್ಟು ದಿನ ಸಮಾಧಾನ ಇತ್ತು ಅಣ್ಣಾ. ಅದನ್ನೂ ಕಸಗೊಂಡಿ. ಈಗ ನಾ ಯಾರ ಕಾಲು ಹಿಡೀಲಿ?”

“ರಾಯಚೂರಿಗೆ ಹೋಗೂಣು. ಕೇಳೂಣು,” ಎಂದೆ.

“ಏನಂತ ಕೇಳ್ತಿ? ಆತನ ಹೆಸರರ ಗೊತ್ತದೇನು ನಿನಗ?”

ಗೊತ್ತಿರಲಿಲ್ಲ.