ಬಲಗಲ್ಲದ ಉಬ್ಬು

ಸೊಲ್ಲಾಪುರದಲ್ಲಿ ನನ್ನಿಂದ ಭಾವಚಿತ್ರ ಬರೆಸುವವರು ಹೆಚ್ಚಾಗಿ ತೀರಿಹೋದವರ ಮನೆಯವರು. ತರುವುದು ಆಧಾರ್ ಕಾರ್ಡಿನ ಫೋಟೊ. ಅದರಲ್ಲಿ ಇಡೀ ಜಿಲ್ಲೆಯೇ ಗಾಬರಿಯಾಗಿರುತ್ತದೆ. “ಜರಾ ನಗಸ್ರಿ” ಎನ್ನುತ್ತಾರೆ. ಬದುಕಿದ್ದಾಗ ಗಿರಾಕಿಗಳ ಮುಂದೆ ಒಮ್ಮೆಯೂ ನಗದ ಎಷ್ಟೋ ವ್ಯಾಪಾರಿಗಳನ್ನು ನಾನು ಧಾರಾಳವಾಗಿ ನಗಿಸಿದ್ದೇನೆ. ತುಟಿಯ ತುದಿ ತುಸು ಮೇಲೆ, ಕಣ್ಣಿನ ಕೆಳಗೊಂದು ಮಡಿಕೆ, ಮುಗಿಯಿತು. ಆ ಬಗ್ಗೆ ನನಗೆ ಜಂಬವೂ ಇತ್ತು.

ಹೋದ ವರ್ಷ ಅಕ್ಕಲಕೋಟೆ ಕಡೆಯ ಹನ್ನೂರದಿಂದ ಒಬ್ಬ ರೈತ ತನ್ನ ತಂದೆಯ ಚಿಕ್ಕ ಫೋಟೊ ತಂದ. ಅಪರೂಪಕ್ಕೆ ಈ ಹಿರಿಯರು ತಾವೇ ನಗುತ್ತಿದ್ದರು, ಆದರೆ ಬಲಗಲ್ಲ ಬಾತಿತ್ತು. ಪಾಪ, ಹಲ್ಲುನೋವಿನಲ್ಲಿ ತೆಗೆಸಿದ್ದು ಎಂದುಕೊಂಡು ಗಲ್ಲ ಸಪಾಟು ಮಾಡಿ, ನಗುವನ್ನು ಎರಡೂ ಕಡೆಗೆ ಸಮನಾಗಿ ಹಂಚಿದೆ. ಮಗನಿಗೆ ಭಾರಿ ಹಿಡಿಸಿತು.

ಮೂರನೇ ದಿನ ಚಿತ್ರ ಹೊತ್ತುಕೊಂಡು ಅವನು ವಾಪಸ್ಸು ಬಂದ. ಹಿಂದೆ ಅವನ ತಾಯಿ.

“ತಮ್ಮಾ, ಇವ್ರು ಯಾರು?”

“ನಿಮ್ಮ ಮನಿಯವ್ರರಿ, ಅವ್ವಾ.”

“ಯಾರೋ ಗುರ್ತಿಲ್ಲದ ಪಾವಣ್ಯಾರು ಮನಿಗೆ ಬಂದು ಕುಂತಂಗ ಅದ. ಎರಡ ದಿನಾ ಆತು, ತಲಿಮ್ಯಾಲೆ ಸೆರಗ ಹೊತ್ಕೊಂಡ ಓಡಾಡಾಕತ್ತೀನಿ.”

ನನಗೆ ಸಿಟ್ಟು ಬಂತು. “ನಗು ಚಲೋ ಬಂದದಲ್ಲರಿ!”

“ಚಲೋ ಅದ. ಅವರದಲ್ಲ.” ಆಮೇಲೆ ದನಿ ಇಳಿಯಿತು. “ಆ ಚೋಟು ಫೋಟೊ ನನ್ನ ಕಣ್ಣಿಗೆ ಕಾಣಂಗಿಲ್ಲ ತಮ್ಮಾ. ಅವರ ಮಾರಿ ಮರಿಯಾಕತ್ತೀನಿ. ಅದಕ್ಕ ದೊಡ್ಡದು ಬರಸಿದ್ದು. ಆ ಗಲ್ಲ ಎಲ್ಲಿ ಹೋತು?”

“ಬಾವು ಇತ್ತಲ್ಲರಿ, ತಗದೀನಿ.”

“ಬಾವಲ್ಲೋ, ತಂಬಾಕ! ದವಡ್ಯಾಗ ಇಟ್ಕೊಂಡು ಎಡಕ್ಕಷ್ಟ ನಗತಿದ್ರು.”

ಮಗ ಮುಜುಗರದಿಂದ ನೆಲ ನೋಡಿದ. “ದೇವರ ಮನಿ ಬಾಜೂಕ ಹಾಕೂದೈತಿ, ತಂಬಾಕ ಹೆಂಗವ್ವಾ?”

“ದೇವರಿಗೆ ಗೊತ್ತಿಲ್ಲೇನು?”

ಆ ತಾಯಿಯನ್ನು ಸ್ಟೂಲಿನ ಮೇಲೆ ಕೂರಿಸಿ ಅಲ್ಲೇ ತಿದ್ದಿದೆ. ಇಪ್ಪತ್ತು ವರ್ಷಗಳಿಂದ ನಗು ಬರೆಯುವ ನಾನು ಅಂದು ಒಂದು ನಗುವನ್ನು ಅರ್ಧ ಅಳಿಸಿದೆ. ಬಲತುಟಿ ಕೆಳಗಿಳಿಸಿ, ಗಲ್ಲಕ್ಕೆ ಉಬ್ಬು ಕೊಟ್ಟೆ. “ಇನ್ನಾ ಜರಾ” ಎಂದರು. ಇನ್ನೊಂದು ಚಿಟಿಕೆಯಷ್ಟು ಉಬ್ಬಿಸಿದೆ.

ಆಮೇಲೆ ಎದ್ದು ಚಿತ್ರದ ಹತ್ತಿರ ಬಂದರು. ಬಹಳ ಹೊತ್ತು ನೋಡಿದರು. ನಾವಿಬ್ಬರೂ ಅಲ್ಲಿಲ್ಲವೇನೋ ಎಂಬಂತೆ, ಚಿತ್ರಕ್ಕೇ ಗದರಿದರು: “ಏನ್ರಿ, ಮೊದಲ ಅದನ್ನ ಉಗುಳಿ ಬರ್ರಿ. ಊಟಕ್ಕ ಹಾಕೀನಿ.”

ಮಗ ಅತ್ತುಬಿಟ್ಟ. ನನ್ನ ದವಡೆಯಲ್ಲೂ ಒಂದು ಚಿಟಿಕೆ ತಂಬಾಕು ಇತ್ತು. ಎದ್ದು ಹೊರಗೆ ಹೋಗಿ ಉಗುಳಿದೆ.