ಹೊಗೆಗೂಡಿನ ಹಕೀಮರು

ಗೌಂಡಿ ದಾವಲಸಾಬರು ಹೊಗೆಗೂಡು ನೋಡಲು ಬಂದರೆಂದರೆ ಹಕೀಮರು ಬಂದಂತೆಯೇ. ಇಟ್ಟಿಗೆಯನ್ನು ಕರಣಿಯ ಹಿಡಿಯಿಂದ ಬಡಿದು ಕಿವಿಯಿಡುತ್ತಾರೆ, ಉದುರಿದ ಗಾರೆಯನ್ನು ನಾಲಿಗೆಗೆ ಹಚ್ಚಿ ಉಪ್ಪು ನೋಡುತ್ತಾರೆ, ನಡುವೆ ನಾವು ಬಾಯಿಬಿಟ್ಟರೆ, "ಸುಮ್ಮನಿರ್ರಿ ಅಕ್ಕಾರ, ಇಟ್ಟಂಗಿ ಮಾತಾಡಾಕತ್ತಾವು" ಎಂದು ಗದರುತ್ತಾರೆ. ಗೂಡನ್ನೇ ಕೆಡವಬೇಕಾದೀತೆಂದು ಮನೆಯವರ ಚಿಂತೆ; ತಿಂಗಳಿಂದ ಕೆಮ್ಮುವ ಕೂಸಿಗೆ ಕ್ಷಯವಿರಬಹುದೇ ಎಂಬುದು ಯಾರಿಗೂ ಹೇಳದ ನನ್ನ ಚಿಂತೆ. ಇಂದು ಅವರು ಒಲೆಗೆ ಹಸಿ ಹುಲ್ಲು ಹಾಕಿಸಿ, ಏಣಿ ಹತ್ತದೆ ಪಕ್ಕದ ಕೋಣೆಗೆ ಹೋಗಿ ಕೂಸನ್ನು ನಾನು ಎತ್ತಿಕೊಂಡಿದ್ದರಿಂದ ಖಾಲಿಯಿದ್ದ ತೊಟ್ಟಿಲ ಬಳಿ ಕೂತರು. ಗೋಡೆಯ ಬಿರುಕಿನಿಂದ ಹೊಗೆ ಎಳೆಯಾಗಿ ಹೊರಟು ನೇರ ದಿಂಬಿನತ್ತ ಬಂತು. "ಕೆಟ್ಟಿದ್ದು ಆರು ಇಟ್ಟಂಗಿ ಅಷ್ಟ ರೀ. ಕೂಸಿಂದು ಬರೇ ಹೊಗಿ ಕೆಮ್ಮು, ಅಂಜಬ್ಯಾಡ್ರಿ" ಎಂದು ತೊಟ್ಟಿಲನ್ನು ತಾವೇ ಆಚೆಯ ತೊಲೆಗೆ ಕಟ್ಟಿದರು. ಕೆಮ್ಮಿನ ಮಾತನ್ನು ನಾನು ಎತ್ತಿರಲೇ ಇಲ್ಲ. ಇಟ್ಟಿಗೆಯ ಮಾತಿಗೆಂದು ಗೋಡೆಗಿಟ್ಟ ಕಿವಿಗೆ ಆಚೆ ಕೋಣೆಯ ಆ ಕೆಮ್ಮೂ ಕೇಳಿಸಿತ್ತು.