ಬೋಟಿನ ಹಸಿರು ಪಟ್ಟಿ

ಸಿಂಗಸಂದ್ರದ ಬಾಡಿಗೆ ಮನೆಯಲ್ಲಿದ್ದಾಗ ನನಗೆ ಕಪ್ಪು-ಬಿಳುಪಿನ ಹುಚ್ಚು ಹಿಡಿದಿತ್ತು. ಹೆಂಡತಿಯ ತವರು ಮಲ್ಪೆ. ಹೋದಾಗಲೆಲ್ಲ ಬಂದರಿನ ಫೋಟೋ ತೆಗೆದು ತಂದು, ಭಾನುವಾರ ಇಡೀ ಕಂಪ್ಯೂಟರ್ ಮುಂದೆ ಕೂತು ಬಣ್ಣ ತೆಗೆಯುತ್ತಿದ್ದೆ. ನೀಲಿ ಟಾರ್ಪಾಲು, ಹಳದಿ ಕ್ಯಾನು, ಕಿತ್ತಳೆ ಬಲೆ ಎಲ್ಲವೂ ಒಂದೇ ಕ್ಲಿಕ್ಕಿಗೆ ತೆಪ್ಪಗಾಗುತ್ತಿದ್ದವು. ನನ್ನಂಥ ಕಲಾವಿದ ಹೊಸೂರು ರಸ್ತೆಯಲ್ಲೇ ಇನ್ನೊಬ್ಬನಿಲ್ಲ ಎಂದುಕೊಂಡು ಕಾಫಿ ಕುಡಿಯುತ್ತಿದ್ದೆ.

ಮಾವ ಮೊದಲ ಬಾರಿಗೆ ನಮ್ಮ ಮನೆಗೆ ಬರುವವರಿದ್ದರು. ಅವರ ಮೀನುಗಾರಿಕೆ ಬೋಟಿನ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಹಾಲಿನ ಗೋಡೆಗೆ ತೂಗುಹಾಕೋಣವೆಂದು ಮಾತಾಡಿಕೊಂಡಿದ್ದೆವು. ಕಪ್ಪು-ಬಿಳುಪು ಮಾಡಿ ಹೆಂಡತಿಗೆ ತೋರಿಸಿದೆ. ಅವಳು ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು.

“ಪಟ್ಟಿ ಎಲ್ಲಿ ಉಂಟು?”

ಕೆಂಪು ಬೋಟಿನ ಉದ್ದಕ್ಕೂ ಒಂದು ಹಸಿರು ಪಟ್ಟಿ. ಪ್ರತಿ ಮಳೆಗಾಲ ಮೀನುಗಾರಿಕೆ ನಿಂತು ಬೋಟು ದಡ ಏರಿದಾಗ ಮಾವ ಅದನ್ನು ತಾವೇ ಬಳಿಯುತ್ತಿದ್ದರು. ದಡದಲ್ಲಿ ಕಾಯುವ ಮನೆಯವರಿಗೆ ದೂರದಿಂದಲೇ ‘ನಮ್ಮದು ಬಂತು’ ಎಂದು ತಿಳಿಯಲು ಅದೇ ಗುರುತು. ನನ್ನ ಫೋಟೋದಲ್ಲಿ ಕೆಂಪೂ ಹಸಿರೂ ಒಂದೇ ಬೂದುಬಣ್ಣವಾಗಿ ಪಟ್ಟಿಯೇ ಮಾಯವಾಗಿತ್ತು.

“ಕಲೆ ಅಂದ್ರೆ ಹಾಗೇ ಕಣೇ,” ಎಂದೆ.

“ಎಂಥ ಕಲೆಯೋ! ಸಣ್ಣವಳಿರುವಾಗ ಆ ಪಟ್ಟಿ ನೋಡಿಯೇ ನಾನು ಅಪ್ಪ ಬಂದ್ರು ಅಂತ ಓಡ್ತಿದ್ದದ್ದು. ಅದಿಲ್ಲದ ಬೋಟನ್ನು ಅಪ್ಪನಿಗೆ ತೋರಿಸ್ಬೇಡಿ.”

ಅವಳ ಕಣ್ಣು ತುಂಬಿದ್ದು ಕಂಡು ನನ್ನ ಕಲೆ ಮೂಲೆ ಸೇರಿತು. ಬಣ್ಣದಲ್ಲೇ ಹಾಕಿಸೋಣ ಎನ್ನಲು ಮಾತ್ರ ಹಟ ಬಿಡಲಿಲ್ಲ. ಫೋಟೋ ತಿದ್ದುವ ಸಾಫ್ಟ್‌ವೇರಿನಲ್ಲಿ ಒಂದೊಂದು ಬಣ್ಣವನ್ನೂ ಬೇರೆಬೇರೆಯಾಗಿ ತಿಳಿ ಅಥವಾ ಗಾಢ ಮಾಡಲು ಮೇಲೆ-ಕೆಳಗೆ ಎಳೆಯುವ ಗುಂಡಿಗಳಿದ್ದವು; ಅಲ್ಲಿಯವರೆಗೆ ನಾನು ಅವುಗಳ ಗೋಜಿಗೇ ಹೋಗಿರಲಿಲ್ಲ. ಕೆಂಪಿನದನ್ನು ಮೇಲಕ್ಕೆಳೆದೆ, ಹಸಿರಿನದನ್ನು ಕೆಳಕ್ಕೆ. ಬೋಟು ಬೆಳ್ಳಗಾಗುತ್ತ ಬಂತು, ಅದರ ಮೈಮೇಲೆ ಪಟ್ಟಿ ಕಪ್ಪಗೆ ಎದ್ದು ಕಂಡಿತು.

“ಬಂತು, ನಮ್ಮದು ಬಂತು!” ಎಂದು ಅವಳು ನನ್ನ ಬೆನ್ನಿಗೆ ಗುದ್ದಿದಳು. ನನಗೂ ಖುಷಿ ತಡೆಯಲಾಗಲಿಲ್ಲ.

ಆ ಕಪ್ಪು-ಬಿಳುಪನ್ನೇ ಪ್ರಿಂಟ್ ಹಾಕಿಸಿ ಗೋಡೆಗೆ ತೂಗುಹಾಕಿದೆವು; ಆದರೂ ಮಾವ ಬರುವ ದಿನ, ಅವರು ಏನೆನ್ನುತ್ತಾರೋ ಎಂದು ಇಬ್ಬರೂ ಬಾಗಿಲಲ್ಲೇ ಕಾದೆವು. ಚಪ್ಪಲಿ ಬಿಟ್ಟು ಒಳಗೆ ಬಂದವರು, ಮೀನಿನ ಚೀಲವನ್ನೂ ಕೆಳಗಿಡದೆ ಗೋಡೆಯ ಮುಂದೆ ನಿಂತುಬಿಟ್ಟರು. ಪಟ್ಟಿಯ ಉದ್ದಕ್ಕೂ ನಿಧಾನವಾಗಿ ಬೆರಳಾಡಿಸಿ ನನ್ನತ್ತ ತಿರುಗಿದರು.

“ಹಸಿರು ಲಾಯ್ಕ ಬಂದಿದೆ ಮಾರಾಯ್ರೇ,” ಎಂದರು.